ಬಂಗಡೆ ದರದ ಪ್ರಶ್ನೆ

ಕುಮಟಾದ ಬಸ್ ನಿಲ್ದಾಣದ ಹತ್ತಿರ, ಮಹಾಗಣಪತಿಯವರ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಶಾಂತಾರಾಮ ಮಾಸ್ತರರ ಕ್ಲಾಸು ನಡೆಯುತ್ತಿತ್ತು. ಬ್ಯಾಂಕ್ ಪರೀಕ್ಷೆಗೆ ಕೂರುವವರಿಗೆ ಗಣಿತ, ಇಂಗ್ಲಿಷು, ತರ್ಕ. ಮೊದಲ ವರ್ಷ ಇಪ್ಪತ್ತೆರಡು ಮಂದಿ ಇದ್ದರು. ಹುಬ್ಬಳ್ಳಿಯ ದೊಡ್ಡ ಕ್ಲಾಸುಗಳ ಜಾಹೀರಾತು ಬರತೊಡಗಿದ ಮೇಲೆ ಒಬ್ಬೊಬ್ಬರೇ ಕಳಚಿಕೊಂಡರು. ತೊಂಬತ್ತೊಂಬತ್ತರ ದಸರೆಯ ಹೊತ್ತಿಗೆ ಉಳಿದದ್ದು ಒಬ್ಬಳೇ, ಹೊನ್ನಾವರದ ಹತ್ತಿರದ ಕಾಸರಕೋಡದಿಂದ ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಬರುವ ಚಂದನಾ.

ಒಬ್ಬಳಿಗಾಗಿ ಕ್ಲಾಸು ನಡೆಸುವುದು ಗಿಟ್ಟುವ ಮಾತಲ್ಲ ಎಂದು ಮಹಾಗಣಪತಿಯವರು ಒಂದೆರಡು ಸಲ ಹೇಳಿ ನೋಡಿದರು. ಮಾಸ್ತರರು ನಕ್ಕುಬಿಟ್ಟರು. ಹೆಂಡತಿ ಮಂಗಲಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಗಂಜಿ ಕುದಿಸಿಟ್ಟರೆ ಅದೇ ರಾತ್ರಿಗೂ ಆಗುತ್ತಿತ್ತು. ಕ್ಲಾಸಿಲ್ಲದ ದಿನ ಅವರ ದನಿ ಅವರಿಗೇ ಕೇಳುತ್ತಿರಲಿಲ್ಲ. ಇದನ್ನೆಲ್ಲ ಅಂಗಡಿಯವರಿಗೆ ಹೇಗೆ ಹೇಳುವುದು?

ಅವರ ಹತ್ತಿರವಿದ್ದ ಪುಸ್ತಕಗಳಲ್ಲಿ ಬೇಡಿಕೆ, ಪೂರೈಕೆ, ಬೆಲೆಯ ಪ್ರಶ್ನೆಗಳೆಲ್ಲ ಗೋಧಿ, ಉಕ್ಕು, ಪೆಟ್ರೋಲಿನವು. ಮೀನು ಮಾರುವವರ ಮನೆಯ ಹುಡುಗಿಗೆ ಹಿಡಿಯಲಿ ಎಂದು ಮಾಸ್ತರರು ಒಂದು ಪ್ರಶ್ನೆಯನ್ನು ತಾವೇ ಕಟ್ಟಿ ಹಲಗೆಯ ಮೇಲೆ ಬರೆದರು.

'ಒಂದು ಬಂದರಿಗೆ ಈ ವರ್ಷ ಬಂದ ಬಂಗಡೆ ಹೋದ ವರ್ಷದ ಅರ್ಧದಷ್ಟು. ಆದರೂ ಅಲ್ಲಿ ಬಂಗಡೆಯ ದರ ಏರಲಿಲ್ಲ. ಕೆಳಗಿನ ಯಾವ ಸಂಗತಿ ಇದನ್ನು ಸರಿಯಾಗಿ ವಿವರಿಸುತ್ತದೆ?'

ನಾಲ್ಕು ಆಯ್ಕೆ ಕೊಟ್ಟಿದ್ದರು. ದೋಣಿಗಳು ಹೆಚ್ಚಾದವು, ಮಳೆ ಜಾಸ್ತಿ ಬಂತು, ಬಂಗಡೆ ಆರೋಗ್ಯಕ್ಕೆ ಒಳ್ಳೆಯದು, ಕೋಳಿ ಅಗ್ಗವಾಗಿ ಜನ ಅತ್ತ ತಿರುಗಿದರು.

"ನಾಲ್ಕನೆಯದು" ಎಂದು ಮಾಸ್ತರರು ತಾವೇ ಹೇಳಿಬಿಡುವವರಿದ್ದರು. ಚಂದನಾ ಪೆನ್ನು ಕಚ್ಚುತ್ತ ಹಲಗೆಯನ್ನೇ ನೋಡುತ್ತಿದ್ದಳು.

"ಇದ್ರಲ್ಲಿ ಉತ್ತರ ಇಲ್ಲ ಸರ್."

"ಇಲ್ಲ ಅಂದ್ರೆ ಎಂತ? ನಾನೇ ಬರೆದದ್ದು."

"ಮೀನು ಕಮ್ಮಿ ಬಿದ್ದ ದಿನ ಗೋವಾದ ಲಾರಿ ಬರೂದಿಲ್ಲ ಸರ್. ಕಾಲು ಲಾರಿ ತುಂಬ್ಕಂಡು ಹೋದ್ರೆ ಅವ್ರಿಗೆ ಡೀಸೆಲ್ ಖರ್ಚೂ ಹುಟ್ಟೂದಿಲ್ಲ. ಲಾರಿ ಇಲ್ಲದಿದ್ರೆ ತಕಂಬವರು ಯಾರು? ನಮ್ಮ ಅಮ್ಮ, ಮತ್ತೆ ಅವಳಂಥ ಬುಟ್ಟಿ ಹೊರೂವವರು. ದರ ಎಲ್ಲಿಂದ ಏರ್ತದೆ?"

"ಕೊಟ್ಟ ನಾಲ್ಕರಲ್ಲೇ ಆರಿಸಬೇಕು" ಎಂದರು ಮಾಸ್ತರರು, ಸ್ವಲ್ಪ ಬಿರುಸಾಗಿಯೇ.

ಅವಳು ತಲೆ ತಗ್ಗಿಸಿ ನಾಲ್ಕನೆಯದಕ್ಕೆ ಗುರುತು ಹಾಕಿದಳು. ಆಮೇಲೆ ಆ ದಿನ ಪ್ರಶ್ನೆಗಳಿಗೆಲ್ಲ ಬರೀ ಅಂಕಿ ಹೇಳಿದಳೇ ಹೊರತು ಮಾತಾಡಲಿಲ್ಲ. ಐದರ ಬಸ್ಸಿಗೆ ಹೋದಳು.

ಮಾಸ್ತರರಿಗೆ ಅದು ಮುಳ್ಳು ಮುರಿದಂತೆ ಒಳಗೇ ಉಳಿಯಿತು. ಎಷ್ಟು ದಿನವಾಗಿತ್ತು ಯಾರಾದರೂ ತಮ್ಮ ಎದುರು ಕೂತು 'ನೀವು ಹೇಳಿದ್ದು ಸರಿಯಿಲ್ಲ' ಎಂದು! ಮಂಗಲಾ ಅನ್ನುತ್ತಿದ್ದಳು, ಉಪ್ಪಿನಿಂದ ಹಿಡಿದು ಎಲ್ಲದಕ್ಕೂ. ಈ ಹುಡುಗಿ ಅಂದಾಗ ತಾವೇ ಬಾಯಿ ಮುಚ್ಚಿಸಿದ್ದರು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊನ್ನಾವರಕ್ಕೆ ಹೋದರು. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಶರಾವತಿಯ ಸೇತುವೆ ದಾಟಿ ಕಾಸರಕೋಡದಲ್ಲಿ ಇಳಿದರು. ಧಕ್ಕೆಯಲ್ಲಿ ದೋಣಿಗಳು ಆಗಷ್ಟೇ ಬಂದಿದ್ದವು. ಅಂದು ಮೀನು ಕಮ್ಮಿ. ಲಿಲಾವು ಕೂಗುವವನು ಕೂಗಿದ ದರಕ್ಕೆ ಯಾರೂ ತಲೆ ಎತ್ತಲಿಲ್ಲ. ಇಳಿಸಿದ, ಮತ್ತೆ ಇಳಿಸಿದ. ಎಂಟತ್ತು ಹೆಂಗಸರು ಸೊಂಟಕ್ಕೆ ಕೈಯಿಟ್ಟು ಕಾಯುತ್ತ ನಿಂತಿದ್ದರು. ಲಾರಿ ನಿಲ್ಲುವ ಜಾಗದಲ್ಲಿ ಎರಡು ನಾಯಿ ಮಲಗಿದ್ದವು.

"ಕುಮಟಾದ ಮಾಸ್ತರ್ರಲ್ವಾ?" ಬುಟ್ಟಿ ಹಿಡಿದ ಹೆಂಗಸೊಬ್ಬಳು ಹತ್ತಿರ ಬಂದಳು. "ನಾನು ಸಣ್ಣಿ, ಚಂದನಾನ ಅಮ್ಮ. ಕ್ಲಾಸಿನ ಫೋಟೋದಲ್ಲಿ ನಿಮ್ಮ ಮುಖ ಕಂಡಿದ್ದೆ. ಅವಳು ಇವತ್ತು ಅಜ್ಜಿಮನೆಗೆ ಹೋಗಿದ್ದಾಳಲ್ಲ. ಎಂತ, ಓದೂದು ಬಿಟ್ಲಾ?"

"ಇಲ್ಲ ಅಕ್ಕಾ, ಚೆನ್ನಾಗಿ ಓದ್ತಾಳೆ. ನಾನು ಲಾರಿ ನೋಡಲಿಕ್ಕೆ ಬಂದೆ."

"ಇಷ್ಟು ಮೀನಿಗೆ ಯಾವ ಲಾರಿ ಬರ್ತದೆ?" ಸಣ್ಣಿ ನಕ್ಕುಬಿಟ್ಟಳು. ನಾಲ್ಕು ಬಂಗಡೆ ಎಲೆಯಲ್ಲಿ ಸುತ್ತಿ ಕೈಗಿಟ್ಟಳು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಮಾಸ್ತರರು ನಾಲ್ಕು ವರ್ಷದಲ್ಲಿ ಮೊದಲ ಸಲ ಮೀನು ಸಾರು ಮಾಡಿದರು. ಹುಳಿ ಹೆಚ್ಚಾಯಿತು. ಒಬ್ಬರೇ ಕೂತು ಎರಡು ತಿಂದರು, ಉಳಿದೆರಡನ್ನು ಪಕ್ಕದ ಮನೆಯ ಬೆಕ್ಕಿಗೆ ಹಾಕಿದರು.

ಮಂಗಳವಾರ ಚಂದನಾ ಬಂದಾಗ ಹಲಗೆಯ ಮೇಲೆ ಅದೇ ಪ್ರಶ್ನೆ ಇತ್ತು. ಕೆಳಗೆ 'ಲಾರಿ ಬರಲಿಲ್ಲ' ಎಂಬ ಐದನೆಯ ಆಯ್ಕೆಯೊಂದು ಸೇರಿತ್ತು.

"ನೀನು ಹೇಳಿದ್ದು ಖರೆ. ಹೋಗಿ ನೋಡಿ ಬಂದೆ."

"ಅಮ್ಮ ಹೇಳಿದ್ಲು ಸರ್" ಎಂದು ಅವಳು ಮುಖ ಅರಳಿಸಿದಳು.

"ಆದರೆ ಒಂದು ಮಾತು ಕೇಳು." ಮಾಸ್ತರರು ಕುರ್ಚಿ ಎಳೆದುಕೊಂಡು ಎದುರು ಕೂತರು. "ನಾನು ಈ ಪರೀಕ್ಷೆಯನ್ನ ಒಂಬತ್ತು ಸಲ ಬರೆದೆ. ಆಗ ಸೊಸೈಟಿಯಲ್ಲಿ ಅಡಿಕೆ ತೂಗೂ ಕೆಲಸ ನಂದು. ಪ್ರಶ್ನೆಯಲ್ಲಿ ದರ ಅಂತ ಕಂಡ ಕೂಡಲೇ ನಾನು ತೂಕದ ಕಟ್ಟೆ ಹತ್ತಿಬಿಡ್ತಿದ್ದೆ. 'ಹೀಗಾಗೂದಿಲ್ಲ, ನಮ್ಮಲ್ಲಿ ಬೇರೆ' ಅಂತ ನಂಗೊತ್ತಿದ್ದ ಉತ್ತರ ಬರೀತಿದ್ದೆ. ಒಂಬತ್ತು ಸಲವೂ ಬಿದ್ದೆ. ಯಾಕೆ ಬಿದ್ದೆ ಅಂತ ಮೊನ್ನೆ ಬಸ್ಸಲ್ಲಿ ವಾಪಸ್ ಬರೂವಾಗ ಹೊಳೀತು ನೋಡು."

ಚಂದನಾ ಹಲಗೆಯ ಮೇಲಿನ ಐದನೆಯ ಆಯ್ಕೆಯನ್ನು ಮತ್ತೊಮ್ಮೆ ಓದಿದಳು.

"ಪರೀಕ್ಷೆಯ ಕೋಣೆಯಲ್ಲಿ ಎರಡು ಗಂಟೆ ನಿಂಗೆ ಸಮುದ್ರ ಗೊತ್ತಿಲ್ಲ, ಅಮ್ಮನೂ ಗೊತ್ತಿಲ್ಲ. ಕಾಗದದಲ್ಲಿ ಇದ್ದಷ್ಟೇ ಲೋಕ. ಆತಾ?"

"ಆತು ಸರ್." ಮತ್ತೆ ಕೇಳಿದಳು. "ಆಮೇಲೆ ಹೊರಗೆ ಬಂದ್ಮೇಲೆ?"

"ಹೊರಗೆ ಬಂದ್ಮೇಲೆ ನನ್ನ ಹತ್ರ ಬಂದು ಜಗಳ ಆಡು."

ಮುಂದಿನ ನಾಲ್ಕು ತಿಂಗಳು ಮಾಸ್ತರರ ಬದುಕಿನಲ್ಲಿ ಬೆಳಕಿದ್ದ ತಿಂಗಳುಗಳು. ಪ್ರತಿ ಪ್ರಶ್ನೆಯನ್ನೂ ಅವಳು ಎರಡು ಸಲ ಬಿಡಿಸುತ್ತಿದ್ದಳು, ಒಮ್ಮೆ ಕಾಗದಕ್ಕೆ, ಒಮ್ಮೆ ಕಾಸರಕೋಡಕ್ಕೆ. ಭಟ್ಕಳದ ಮಲ್ಲಿಗೆ ಮದುವೆಯ ದಿನಗಳಲ್ಲಿ ತುಟ್ಟಿಯಾಗುವುದು, ಹೆಚ್ಚು ಬೆಳೆದ ವರ್ಷವೇ ಕಲ್ಲಂಗಡಿಯವರು ಕಂಗಾಲಾಗುವುದು, ಎಲ್ಲದಕ್ಕೂ ವಾದ ನಡೆಯುತ್ತಿತ್ತು. ಕೆಳಗಿನ ಅಂಗಡಿಯಲ್ಲಿ ಸೀರೆ ನೋಡುವವರು ತಲೆ ಎತ್ತಿ ಮಾಳಿಗೆಯತ್ತ ನೋಡುತ್ತಿದ್ದರು.

ಪರೀಕ್ಷೆ ಮುಗಿಯಿತು, ಸಂದರ್ಶನವೂ ಆಯಿತು. ಆಮೇಲೆ ಅವಳು ಬರುವ ಕಾರಣವಿರಲಿಲ್ಲ. ಆದರೂ ಮಾಸ್ತರರು ವಾರದ ಆ ಮೂರು ದಿನ ಮಾಳಿಗೆ ಹತ್ತಿ, ಕಿಟಕಿ ತೆರೆದು, ಐದರ ಬಸ್ಸು ಹೋಗುವವರೆಗೆ ಕೂತಿರುತ್ತಿದ್ದರು.

ಮೇ ತಿಂಗಳಲ್ಲಿ ಜ್ವರ ಬಂದು ವಾರವಿಡೀ ಮನೆಯಲ್ಲೇ ಮಲಗಿದರು. ಎದ್ದು ಬಂದಾಗ ಮಹಾಗಣಪತಿಯವರು ಪೇಢೆಯ ಪೊಟ್ಟಣ ಕೊಟ್ಟರು.

"ನಿಮ್ಮ ಹುಡುಗಿ ಬಂದಿದ್ಲು. ಪಾಸಾಯ್ತಂತೆ. ನಿಮ್ಮ ಮನೆ ಎಲ್ಲಿ ಅಂತ ಕೇಳಿದ್ಲು. ನಂಗೆ ಓಣಿ ಗೊತ್ತು, ಮನೆ ಗೊತ್ತಿಲ್ಲ. ಬಹಳ ಹೊತ್ತು ಕೂತು ಹೋದ್ಲು."

ಎಂಟು ವರ್ಷ ಒಂದೇ ಕಟ್ಟಡದಲ್ಲಿದ್ದೂ ಅವರಿಗೆ ಮನೆ ಗೊತ್ತಿರಲಿಲ್ಲ. ಮಾಸ್ತರರೂ ಯಾವತ್ತೂ ಕರೆದಿರಲಿಲ್ಲ. ಪೇಢೆ ಬಿಸಿಲಿಗೆ ಬೆವರಿ ಕಾಗದಕ್ಕೆ ಅಂಟಿತ್ತು. ಆ ತಿಂಗಳ ಕೊನೆಗೆ ಮಾಳಿಗೆಯ ಬೀಗದಕೈ ಒಪ್ಪಿಸಿದರು.

ಜೂನಿನ ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಮತ್ತೆ ಕಾಸರಕೋಡಕ್ಕೆ ಹೋದರು. ಚಂದನಾ ಬಳ್ಳಾರಿಯ ಶಾಖೆಗೆ ಹೋಗಿ ಎರಡು ವಾರವಾಗಿತ್ತು. ಸಣ್ಣಿ ಜಗಲಿಯಲ್ಲಿ ಒಣಮೀನು ಆರಿಸುತ್ತಿದ್ದಳು. ಮಾಸ್ತರರನ್ನು ಕಂಡವಳೇ ಒಳಗೆ ಹೋಗಿ ಒಡೆಯದ ಲಕೋಟೆ ತಂದಳು.

"ಮೂರು ದಿನ ಆತು ಬಂದು. ಓದಿ ಹೇಳೂವವರು ಇಲ್ಲಿ ಇದ್ದಾರೆ. ಆದ್ರೆ ಮಗಳ ಪತ್ರ ಕಂಡಕಂಡವರ ಬಾಯಲ್ಲಿ ಕೇಳ್ಲಿಕ್ಕೆ ಮನಸ್ಸಾಗ್ಲಿಲ್ಲ."

ಮಾಸ್ತರರು ಕನ್ನಡಕ ಒರೆಸಿಕೊಂಡು ಓದಿದರು. ಕೋಣೆ ಚೆನ್ನಾಗಿದೆ. ಬಿಸಿಲು ಜಾಸ್ತಿ. ಆಫೀಸಿನವರು ತಮ್ಮತಮ್ಮೊಳಗೆ ತೆಲುಗು ಮಾತಾಡುತ್ತಾರೆ. ಸಂಜೆ ಬಹಳ ಉದ್ದ. ಊಟ ಸೇರುವುದಿಲ್ಲ. ಇಷ್ಟೇ ಇತ್ತು. ಮಾಸ್ತರರ ಹೆಸರು ಇರಲಿಲ್ಲ. ಹಾಳೆ ತಿರುಗಿಸಿ ನೋಡಿದರು, ಹಿಂದೆ ಖಾಲಿ.

"ಉತ್ತರ ಬರೀರಿ ಮಾಸ್ತರ್ರೆ" ಎಂದು ಸಣ್ಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಹೇಳಿದಂತೆ ಬರೆದರು, ಮನೆಯ ಮಾಡು ಹೊದೆಸಿದ್ದು, ದನ ಕರು ಹಾಕಿದ್ದು, ದೋಣಿಗಳನ್ನು ಮೇಲೆಳೆದದ್ದು. ಹಾಳೆಯ ಕೊನೆಯಲ್ಲಿ ಎರಡು ಬೆರಳಷ್ಟು ಜಾಗ ಉಳಿಯಿತು.

"ಅಲ್ಲಿ ನಿಮ್ದೂ ಎಂತಾದ್ರೂ ಬರೀರಿ."

ಮಾಸ್ತರರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತಮ್ಮ ಮನೆಯ ವಿಳಾಸವನ್ನು ಓಣಿ, ಮನೆ ನಂಬರಿನ ಸಮೇತ ಸಣ್ಣ ಅಕ್ಷರದಲ್ಲಿ ಪೂರ್ತಿ ಬರೆದರು.