ಕಂಡಕ್ಟರಮ್ಮ ಹೊರಡಿಸಿದ ಬಸ್ಸು

ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ಕಳೆದ ಕಂಡಕ್ಟರಮ್ಮನಿಗೆ ನಿವೃತ್ತಿಯಾಗಿ ನಾಲ್ಕು ತಿಂಗಳಾಗಿತ್ತು. ಕೆಲಸ ಹೋದರೂ ಹೆಸರು ಹೋಗಲಿಲ್ಲ. ಬೀದಿಯವರಿಗೆ, ಅಂಗಡಿಯವರಿಗೆ, ಕೊನೆಗೆ ಸ್ವಂತ ಅಳಿಯನಿಗೂ ಅವರು ಕಂಡಕ್ಟರಮ್ಮನೇ. ಅತ್ತೆ ಊಟಕ್ಕೆ ಕರೆದರೆ ಪಕ್ಕದ ಮನೆಯವರೂ ಕೈ ತೊಳೆದುಕೊಳ್ಳುತ್ತಾರೆ ಎಂದು ಅವನು ತಮಾಷೆ ಮಾಡುತ್ತಿದ್ದ, ಅತ್ತೆ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು.

ಕಿರಿ ಮಗಳು ಫುಟ್‌ಬಾಲ್ ಗೋಲ್‌ಕೀಪರ್. ಹನ್ನೆರಡನೇ ವಯಸ್ಸಿಗೆ ಆಡಲು ಶುರು ಮಾಡಿದವಳಿಗೆ ಈಗ ಇಪ್ಪತ್ತಾರು. ಈ ಹದಿನಾಲ್ಕು ವರ್ಷಗಳಲ್ಲಿ ಕಂಡಕ್ಟರಮ್ಮ ಅವಳ ಒಂದೇ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಮನಸ್ಸಿಲ್ಲದೆ ಅಲ್ಲ. ಪಂದ್ಯಗಳೆಲ್ಲ ಭಾನುವಾರ, ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲದಿರುವುದೂ ಭಾನುವಾರವೇ. ರಜೆ ಎಂಬ ಮಾತೆತ್ತಿದರೆ ಡಿಪೋ ಮ್ಯಾನೇಜರ್ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಮಗಳು ಮೊದಮೊದಲು ಅತ್ತಳು, ಆಮೇಲೆ ಜಗಳವಾಡಿದಳು, ಆಮೇಲೆ ಕರೆಯುವುದನ್ನೇ ಬಿಟ್ಟಳು. ಅತ್ತಾಗ, ಜಗಳವಾಡಿದಾಗ ಆಗದ ನೋವು ಕಂಡಕ್ಟರಮ್ಮನಿಗೆ ಆಗಿದ್ದು ಅವಳು ಕರೆಯುವುದನ್ನು ಬಿಟ್ಟಾಗ. ಅದೂ ಏಳು ವರ್ಷದ ಹಿಂದಿನ ಮಾತು.

ಈಗ ಮಗಳ ತಂಡ ದೊಡ್ಡ ನಗರವೊಂದರ ದೊಡ್ಡ ಸ್ಟೇಡಿಯಂನಲ್ಲಿ ಆಡುವುದಿತ್ತು. ಅವಳು ಅಕ್ಕನ ಮನೆಗೆ ಮೂರು ಟಿಕೆಟ್ ಕಳಿಸಿದ್ದಳು. ಅಕ್ಕ ನರ್ಸು, ಆ ದಿನ ಅವಳಿಗೆ ಹಗಲು ಪಾಳಿ.

"ಎರಡು ಮಕ್ಕಳಿಗಂತೆ. ಮೂರನೇದು ಯಾರಿಗೆ ಅಂತ ಕೇಳ್ದೆ," ಎಂದಳು ಹಿರಿ ಮಗಳು. "ಯಾರು ಬರ್ತಾರೋ ಅವರಿಗೆ ಅಂದ್ಳು."

"ಅಂದ್ರೆ ನನಗೆ," ಎಂದು ಕಂಡಕ್ಟರಮ್ಮ ಟಿಕೆಟ್ ಕಿತ್ತುಕೊಂಡೇ ಬಿಟ್ಟರು. ಮಗಳು ತಮ್ಮನ್ನು ಬಾಯಿಬಿಟ್ಟು ಕರೆದಿಲ್ಲ ಎನ್ನುವುದು ಅವರಿಗೆ ಅರ್ಥವಾಗದೆ ಇರಲಿಲ್ಲ. ಆದರೂ ಹೋಗಿ, ಆಟ ಶುರುವಾಗುವ ಮೊದಲೇ ಆ ಸೀಟಿನಲ್ಲಿ ಕೂತು, ನೋಡು ಬಂದಿದ್ದೀನಿ ಎಂದು ತೋರಿಸಲೇಬೇಕೆಂದು ಹಟ ಹಿಡಿದರು. ಸೀಟುಗಳು ಇದ್ದದ್ದು ಗೋಲಿನ ಹಿಂದೆಯೇ, ಎರಡನೇ ಸಾಲಿನಲ್ಲಿ. ಅಲ್ಲಿ ಕೂತರೆ ಮಗಳ ಕಣ್ಣಿಗೆ ಬೀಳದಿರಲು ಸಾಧ್ಯವೇ ಇರಲಿಲ್ಲ.

ಮೊಮ್ಮಗಳಿಗೆ ಹನ್ನೊಂದು ವರ್ಷ. ದೊಡ್ಡವರ ಮಾತನ್ನೂ ತಿದ್ದುವ ಅಭ್ಯಾಸವಿದ್ದುದರಿಂದ ಮನೆಯಲ್ಲಿ ಅವಳ ಹೆಸರು ಟೀಚರಮ್ಮ. ಆರು ವರ್ಷದ ಮೊಮ್ಮಗ ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚದ ಕಾರಣ ರೇಡಿಯೋ. ಇಬ್ಬರನ್ನೂ ಕರೆದುಕೊಂಡು ಕಂಡಕ್ಟರಮ್ಮ ಒಂದೂವರೆಗೆ ಆ ನಗರದ ರೈಲು ನಿಲ್ದಾಣದಲ್ಲಿ ಇಳಿದರು. ಆಟ ಮೂರಕ್ಕೆ.

"ದಾರಿ ಗೊತ್ತಾ ಅಜ್ಜಿ?" ಎಂದಳು ಟೀಚರಮ್ಮ.

"ಊರು ಹೊಸದಾದ್ರೇನು, ಬಸ್ಸು ಹೊಸದಾ? ಬಸ್ಸು ಎಲ್ಲಾ ಕಡೆ ಬಸ್ಸೇ."

ಮಾತು ಮುಗಿಸಿ ನೋಡಿದರೆ ನಿಲ್ದಾಣದ ಮುಂದೆ ಜನಸಾಗರ. ಅರ್ಧ ಊರು ಅದೇ ಆಟಕ್ಕೆ ಹೊರಟಂತಿತ್ತು. ಕೊರಳಿಗೆ ಬಣ್ಣದ ಬಟ್ಟೆ ಸುತ್ತಿಕೊಂಡವರು, ಹೆಗಲ ಮೇಲೆ ಕೂಸು ಹೊತ್ತವರು, ತುತ್ತೂರಿ ಊದುವವರು ಎಲ್ಲರೂ ಹದಿನಾಲ್ಕನೇ ನಂಬರಿನ ಬಸ್ಸಿಗೇ ಮುಗಿಬಿದ್ದಿದ್ದರು. ಸರತಿ ಸಾಲು ಎನ್ನುವುದು ಹೆಸರಿಗೂ ಇರಲಿಲ್ಲ. ಬಸ್ಸು ಬಂದು ನಿಂತಿತು. ಉದ್ದನೆಯ ಬಸ್ಸು, ಮೂರು ಬಾಗಿಲು, ಡ್ರೈವರ್ ಬಿಟ್ಟರೆ ಮತ್ತೊಬ್ಬ ಸಿಬ್ಬಂದಿಯಿಲ್ಲ. ಚೀಟಿ ಕೊಡಲು ಕಂಬಕ್ಕೆ ಬಿಗಿದ ಒಂದು ಯಂತ್ರ. ಕಂಡಕ್ಟರಮ್ಮ ಆ ಯಂತ್ರವನ್ನು ಸವತಿಯನ್ನು ನೋಡುವಂತೆ ನೋಡಿದರು.

ಮೊದಲು ಮಕ್ಕಳಿಬ್ಬರನ್ನೂ ಹಿಂದಿನ ಬಾಗಿಲಿನಿಂದ ಹತ್ತಿಸಿ ಸೀಟಿನಲ್ಲಿ ಕೂರಿಸಿದರು. ಕೆಳಗೆ ಒಬ್ಬ ಮುದುಕರು ಊರುಗೋಲು ಹಿಡಿದು ಒದ್ದಾಡುತ್ತಿದ್ದುದು ಕಂಡಿತು. ಇಳಿದು ಅವರನ್ನು ಹತ್ತಿಸಿದರು. ಅವರ ಹಿಂದೆ ಕೂಸಿನ ತಾಯಿ, ಅವಳ ಹಿಂದೆ ಎರಡು ಚೀಲದವನು. ಅಲ್ಲಿಂದ ಮುಂದೆ ಕಂಡಕ್ಟರಮ್ಮನ ಕೈ, ಬಾಯಿ ಎರಡೂ ಅವರ ಮಾತು ಕೇಳಲಿಲ್ಲ.

"ಒಳಗೆ ನಡೀರಿ, ಒಳಗೆ ಜಾಗ ಇದೆ. ಚೀಲ ಕಾಲ ಹತ್ರ ಇಟ್ಕೊಳ್ಳಪ್ಪ. ಏನಮ್ಮ, ಬಾಗಿಲಲ್ಲೇ ಮನೆ ಮಾಡ್ತೀಯಾ? ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ."

ಜನ ತೆಪ್ಪಗೆ ಹೇಳಿದಂತೆ ಕೇಳಿದರು. ಇಂಥ ದನಿಗೆ ಎದುರಾಡುವವರು ಯಾವ ಊರಿನಲ್ಲೂ ಕಡಿಮೆ. ಎರಡೇ ನಿಮಿಷದಲ್ಲಿ ಅಷ್ಟೂ ಜನ ಅಚ್ಚುಕಟ್ಟಾಗಿ ಒಳಗೆ ಸೇರಿಕೊಂಡರು. ಕಂಡಕ್ಟರಮ್ಮ ಒಮ್ಮೆ ಹಿಂದೆ ಮುಂದೆ ನೋಡಿ, ತೃಪ್ತಿಯಿಂದ ಬಸ್ಸಿನ ಮೈಯನ್ನು ಅಂಗೈಯಿಂದ ಎರಡು ಸಲ ಬಡಿದು, "ರೈಟ್, ರೈಟ್" ಎಂದರು.

ಅವರ ಬಸ್ಸಾಗಿದ್ದರೆ ಅದು ನಿಧಾನವಾಗಿ ಕದಲುವುದು, ಅವರು ಎರಡು ಹೆಜ್ಜೆ ಓಡಿ ಹಿಂದಿನ ಮೆಟ್ಟಿಲಿಗೆ ಹಾರುವುದು, ಅದು ವಾಡಿಕೆ. ಈ ಬಸ್ಸಿನ ಬಾಗಿಲು ತಾನೇ ಸುಯ್ಯೆಂದು ಮುಚ್ಚಿಕೊಂಡಿತು. ಓಡಿ ಹಾರಲು ಮೆಟ್ಟಿಲೇ ಇರಲಿಲ್ಲ. ಗಾಜಿನ ಹಿಂದೆ ರೇಡಿಯೋ ಖುಷಿಯಿಂದ ಕೈ ಬೀಸುತ್ತಿದ್ದ, ಟೀಚರಮ್ಮ ಬಾಯಿ ತೆರೆದು ನೋಡುತ್ತಿದ್ದಳು, ಬಸ್ಸು ತಿರುವು ದಾಟಿ ಹೋಯಿತು.

ಮೂವತ್ತೊಂದು ವರ್ಷದಲ್ಲಿ ಒಬ್ಬ ಪ್ರಯಾಣಿಕನನ್ನೂ ಕಳೆದುಕೊಳ್ಳದವರು ಸ್ವಂತ ಮೊಮ್ಮಕ್ಕಳನ್ನು ತಾವೇ ರೈಟ್ ಹೇಳಿ ಕಳಿಸಿದ್ದರು. ಮಕ್ಕಳ ಹತ್ತಿರ ಫೋನಿಲ್ಲ. ಮೂರು ಟಿಕೆಟ್ಟೂ ಇವರ ಕೈಚೀಲದಲ್ಲಿ.

ಅಷ್ಟರಲ್ಲಿ ಮುಂದಿನ ಹದಿನಾಲ್ಕನೇ ನಂಬರು ಬಂತು. ಈ ಸಲ ಕಂಡಕ್ಟರಮ್ಮ ಯಾರಿಗೂ ದಾರಿ ಬಿಡಲಿಲ್ಲ. ಎಲ್ಲರಿಗಿಂತ ಮೊದಲು ಹತ್ತಿ ನೇರ ಡ್ರೈವರ್ ಪಕ್ಕಕ್ಕೆ ಹೋಗಿ ನಿಂತರು. ಡ್ರೈವರ್ ದಪ್ಪ ಮೀಸೆಯವರು, ನಿಧಾನಸ್ಥರು.

"ಅಣ್ಣ, ನಾನೂ ನಿಮ್ಮ ಕಸುಬಿನವಳೇ. ಒಂದು ತಪ್ಪು ಮಾಡಿಬಿಟ್ಟೆ," ಎಂದು ನಡೆದದ್ದನ್ನೆಲ್ಲ ಹೇಳಿದರು.

ಡ್ರೈವರ್ ಮೀಸೆ ಅಲುಗಾಡಿತು. ನಗಬಾರದು ಎಂದು ಅವರು ಪಟ್ಟ ಪಾಡು ಎದುರಿನ ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ವಯರ್‌ಲೆಸ್ ಎತ್ತಿಕೊಂಡು ಮುಂದಿನ ಬಸ್ಸಿನವನನ್ನು ಕರೆದರು.

"ಇದಾರೆ," ಎಂದು ಅತ್ತ ಕಡೆಯ ದನಿ ಗೊರಗೊರ ಎಂದಿತು. "ಹುಡುಗ ಇಡೀ ಬಸ್ಸಿಗೆ ಕಥೆ ಹೇಳ್ತಿದಾನೆ. ಅವರಜ್ಜೀನೇ ಬಸ್ಸು ಬಿಡಿಸಿದ್ದಂತೆ. ಯಾರಪ್ಪಾ ಆ ಯಮ್ಮ?"

"ಪಕ್ಕದಲ್ಲೇ ನಿಂತಿದಾರೆ, ನೋಡ್ಕೊಂಡು ಮಾತಾಡು," ಎಂದರು ಮೀಸೆಯವರು. "ಮಕ್ಕಳನ್ನ ಸ್ಟೇಡಿಯಂ ಸ್ಟಾಪಲ್ಲಿ ಇಳಿಸಿ ಪೊಲೀಸರ ಹತ್ರ ಬಿಡು. ಇವರು ಹಿಂದೇನೇ ಬರ್ತಿದಾರೆ."

ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಗೊರಗೊರ. "ಇಳಿಯಲ್ಲ ಅಂತಿದಾಳೆ ಹುಡುಗಿ. ಬಸ್ಸಲ್ಲಿ ತಪ್ಪಿಸಿಕೊಂಡ್ರೆ ಸೀಟು ಬಿಟ್ಟು ಏಳಬಾರದು, ಯಾರು ಕರೆದ್ರೂ ಹೋಗಬಾರದು, ಕೊನೇ ಸ್ಟಾಪಲ್ಲಿ ಹುಡುಕ್ಕೊಂಡು ಬರ್ತಾರೆ ಅಂತ ಅಜ್ಜಿ ಹೇಳಿದಾರಂತೆ. ನಿಮ್ಮಜ್ಜೀನೇ ಹೇಳಿದ್ದು ಅಂದ್ರೂ, ನೀವು ಅಪರಿಚಿತರು ಅಂತಿದಾಳೆ."

ಹೇಳಿದ್ದು ನಿಜ. ತಮ್ಮ ಬಸ್ಸಿನಲ್ಲಿ ತಪ್ಪಿಸಿಕೊಂಡ ಹತ್ತಾರು ಮಕ್ಕಳನ್ನು ಕೊನೇ ಸ್ಟಾಪಿನಲ್ಲಿ ಅಮ್ಮಂದಿರಿಗೆ ಒಪ್ಪಿಸಿದ ಕಂಡಕ್ಟರಮ್ಮ, ಈ ಪಾಠವನ್ನು ಮೊಮ್ಮಕ್ಕಳಿಗೆ ತುತ್ತಿನ ಜೊತೆ ಉಣ್ಣಿಸಿದ್ದರು. ಸೀಟು ಬಿಟ್ಟೇಳದವಳು ವಯರ್‌ಲೆಸ್ ಹತ್ತಿರ ಬಂದು ಅಜ್ಜಿಯ ದನಿ ಕೇಳುವ ಹಾಗೂ ಇರಲಿಲ್ಲ. ಈಗ ಹಲ್ಲು ಕಚ್ಚಿಕೊಂಡು ಕೇಳಿದರು, "ಕೊನೇ ಸ್ಟಾಪ್ ಎಷ್ಟು ದೂರ?"

"ಸ್ಟೇಡಿಯಂ ಆದ್ಮೇಲೆ ಇನ್ನೂ ಅರ್ಧ ಗಂಟೆ. ಇವತ್ತಿನ ಟ್ರಾಫಿಕ್ಕಲ್ಲಿ."

ಮೂರಕ್ಕೆ ಹತ್ತು ನಿಮಿಷವಿದ್ದಾಗ ಬಸ್ಸು ಸ್ಟೇಡಿಯಂ ಮುಂದೆ ನಿಂತಿತು. ಕಂಡಕ್ಟರಮ್ಮ ಒಬ್ಬರನ್ನು ಬಿಟ್ಟು ಬಸ್ಸಿಗೆ ಬಸ್ಸೇ ಇಳಿದು ಖಾಲಿಯಾಯಿತು. ಗೋಡೆಯಾಚೆಯಿಂದ ಸಾವಿರಾರು ಜನ ಒಟ್ಟಿಗೆ ಹಾಡುವುದು ಕೇಳುತ್ತಿತ್ತು.

"ಅಮ್ಮ, ಬೇಕಾದ್ರೆ ನೀವು ಇಳೀರಿ. ಮಕ್ಕಳು ನಮ್ಮವರ ಹತ್ರ ಕ್ಷೇಮವಾಗಿರ್ತಾರೆ. ಆಟ ಮುಗಿದ್ಮೇಲೆ ಕರ್ಕೊಂಡು ಹೋಗಿ," ಎಂದರು ಮೀಸೆಯವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಕಂಡಕ್ಟರಮ್ಮನಿಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಒಳಗೆ ಮಗಳು ಈಗ ಗೋಲಿನ ಮುಂದೆ ಬಂದು ನಿಂತಿರುತ್ತಾಳೆ. ಎರಡನೇ ಸಾಲಿನ ಕಡೆ ಕಣ್ಣು ಹಾಯಿಸಿರುತ್ತಾಳೆ. ಮೂರೂ ಸೀಟು ಖಾಲಿ. ಅಮ್ಮ ಈ ಸಲವೂ ಬರಲಿಲ್ಲ ಎಂದುಕೊಂಡು ಕೈಗವಸು ಬಿಗಿ ಮಾಡಿಕೊಳ್ಳುತ್ತಾಳೆ. ನೆನೆಸಿಕೊಂಡು ಅವರ ಕಣ್ಣು ತುಂಬಿತು. ಆದರೆ ಕೊನೇ ಸ್ಟಾಪಿಗೆ ಅಜ್ಜಿ ಬಂದೇ ಬರುತ್ತಾರೆ ಎಂದು ನಂಬಿ ಒಂದು ಹುಡುಗಿ ಸೀಟು ಬಿಟ್ಟೇಳದೆ ಕೂತಿದ್ದಳು.

"ನಡೀರಿ ಅಣ್ಣ," ಎಂದು ಕಂಡಕ್ಟರಮ್ಮ ಮೊದಲ ಸೀಟಿನಲ್ಲಿ ಕೂತರು. ಬಸ್ಸಿನಲ್ಲಿ ಅವರು ಸೀಟು ಹಿಡಿದು ಕೂತಿದ್ದೇ ಅಪರೂಪ, ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕೊನೇ ಸ್ಟಾಪಿನ ಸಿಬ್ಬಂದಿ ಕೋಣೆಯಲ್ಲಿ ನಾಲ್ಕು ಜನ ಡ್ರೈವರುಗಳು ಬೆಂಚಿನ ಮೇಲೆ ಸಾಲಾಗಿ ಕೂತು ಬಿಸ್ಕತ್ತು ತಿನ್ನುತ್ತಾ ರೇಡಿಯೋನ ಮಾತು ಕೇಳುತ್ತಿದ್ದರು. ಟೀಚರಮ್ಮ ಗೋಡೆಯ ಮೇಲಿನ ವೇಳಾಪಟ್ಟಿ ಓದುತ್ತಿದ್ದಳು. ಅಜ್ಜಿಯನ್ನು ಕಂಡು ಎದ್ದು ನಿಂತು, ಅಳು ಬರುವುದನ್ನು ತಡೆದುಕೊಂಡು, "ನೀನು ಹೇಳಿದ ಹಾಗೇ ಮಾಡ್ದೆ," ಎಂದಳು.

"ಹೂಂ ಕಣೇ ಬಂಗಾರಿ. ತಪ್ಪು ಮಾಡಿದ್ದು ನಾನು, ನೀನಲ್ಲ," ಎಂದು ಕಂಡಕ್ಟರಮ್ಮ ಅವಳನ್ನು ಅಪ್ಪಿಕೊಂಡರು. ಟೀಚರಮ್ಮ ಆಗ ಅತ್ತಳು, ಒಂದೇ ನಿಮಿಷ.

"ನಾನು ಅಳಲೇ ಇಲ್ಲ," ಎಂದ ರೇಡಿಯೋ, ಬಿಸ್ಕತ್ತಿನ ಬಾಯಲ್ಲಿ.

ವಾಪಸು ಸ್ಟೇಡಿಯಂ ಮುಟ್ಟಿ, ಗೇಟು ಹುಡುಕಿ, ಮೆಟ್ಟಿಲು ಹತ್ತಿ ಎರಡನೇ ಸಾಲಿಗೆ ಬರುವಾಗ ಆಟದ ಅರ್ಧ ಮುಗಿದು ಎರಡನೇ ಅರ್ಧ ನಡೆಯುತ್ತಿತ್ತು. ಇಷ್ಟೊಂದು ಹಸಿರು, ಇಷ್ಟೊಂದು ಗಲಾಟೆ ಕಂಡಕ್ಟರಮ್ಮ ಒಟ್ಟಿಗೆ ಎಂದೂ ಕಂಡಿರಲಿಲ್ಲ. ಎದುರಿಗೇ ಗೋಲು. ಗೋಲಿನಲ್ಲಿ ಎತ್ತರದ ಹುಡುಗಿ, ಜುಟ್ಟು ಕಟ್ಟಿ ಬೆನ್ನು ಮಾಡಿ ನಿಂತಿದ್ದಳು. ಹತ್ತು ನಿಮಿಷ ರೆಪ್ಪೆ ಮಿಟುಕಿಸದೆ ನೋಡಿದರು. ಹುಡುಗಿ ಒಂದು ಚೆಂಡು ತಡೆದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುತ್ತಮುತ್ತಲಿನವರು ಒಂಥರಾ ನೋಡಿದರು.

"ಸ್ವಲ್ಪ ಸಣ್ಣ ಆಗಿದಾಳೆ ಅಲ್ವಾ?" ಎಂದರು ಕಣ್ಣೊರೆಸಿಕೊಳ್ಳುತ್ತಾ.

"ಅಜ್ಜಿ," ಎಂದಳು ಟೀಚರಮ್ಮ ಬಹಳ ಮೆಲ್ಲಗೆ. "ಅದು ಚಿಕ್ಕಮ್ಮ ಅಲ್ಲ. ಅರ್ಧ ಆಟ ಆದ್ಮೇಲೆ ಕಡೆ ಬದಲಾಯಿಸ್ತಾರೆ. ಚಿಕ್ಕಮ್ಮ ಆ ಕಡೆ ಇದಾರೆ."

ಆ ಕಡೆ, ಮೈದಾನದ ಇನ್ನೊಂದು ತುದಿಯಲ್ಲಿ, ಹೆಬ್ಬೆರಳಿನಷ್ಟು ಗಾತ್ರದ ಯಾರೋ ಗೋಲಿನ ಮುಂದೆ ಅತ್ತಿಂದಿತ್ತ ನಡೆದಾಡುತ್ತಿದ್ದರು. ಕಂಡಕ್ಟರಮ್ಮ ಪೆಚ್ಚಾಗಿ ಕೂತರು. ಹದಿನಾಲ್ಕು ವರ್ಷ ಕಾಯಿಸಿ, ಕೊನೆಗೆ ಬಂದು ಎದುರು ತಂಡದವಳಿಗೆ ಚಪ್ಪಾಳೆ ತಟ್ಟಿದ್ದರು. ಒಂದು ಕ್ಷಣ ಅವರಿಗೇ ತಮ್ಮ ಮೇಲೆ ನಗು ಬಂತು. ನಗು ಮುಗಿಯುವ ಮೊದಲೇ ಮಕ್ಕಳ ಕೈ ಹಿಡಿದು ಎದ್ದರು.

ಹಿಂಬದಿಯ ಓಣಿಯಲ್ಲಿ ಸ್ಟೇಡಿಯಂನ ಅರ್ಧ ಸುತ್ತು ಹಾಕಿ, ಆ ತುದಿಯ ಬಾಗಿಲಿಗೆ ಬಂದಾಗ ಹಳದಿ ಜಾಕೀಟಿನ ಕಾವಲುಗಾರ ಅಡ್ಡ ನಿಂತ. ಟಿಕೆಟ್ ನೋಡಿ, "ಅಮ್ಮ, ನಿಮ್ಮ ಸೀಟು ಆ ಕಡೆ," ಎಂದ.

"ಗೊತ್ತಪ್ಪ. ಮಗಳು ಈ ಕಡೆ."

"ಇಲ್ಲಿ ಒಂದು ಸೀಟೂ ಖಾಲಿ ಇಲ್ಲ."

"ಸೀಟು ಯಾರು ಕೇಳಿದ್ರು? ನಿಂತ್ಕೊಂಡೇ ಮೂವತ್ತೊಂದು ವರ್ಷ ದುಡಿದವಳು ನಾನು. ಆ ಕಂಬಿ ಹತ್ರ ಮೂರು ಜನ ನಿಲ್ಲೋಷ್ಟು ಜಾಗ ಇದೆ, ಇಲ್ಲಿಂದಲೇ ಕಾಣ್ತಿದೆ. ಗೋಲ್‌ಕೀಪರ್ ನನ್ನ ಮಗಳು."

"ನಮ್ಮ ಚಿಕ್ಕಮ್ಮ," ಎಂದ ರೇಡಿಯೋ. "ನಾವು ಕೊನೇ ಸ್ಟಾಪಿಗೆ ಹೋಗಿದ್ವಿ. ಯಾಕಂದ್ರೆ ಅಜ್ಜಿ..."

ಇವನ ಕಥೆ ಉದ್ದವಿದೆ ಎಂದು ಕಾವಲುಗಾರನಿಗೆ ಹೊಳೆದಿರಬೇಕು, ಪಕ್ಕಕ್ಕೆ ಸರಿದ.

ಮೂವರೂ ಕಂಬಿಗೆ ಒರಗಿ ನಿಂತರು. ಈಗ ನಿಜವಾಗಿಯೂ ಮಗಳು. ಆ ಹೆಗಲು, ಎಡಗಾಲನ್ನು ಸ್ವಲ್ಪ ಹೊರಗೆ ಹಾಕಿ ನಿಲ್ಲುವ ಆ ನಿಲುವು, ಇವು ಎದುರು ತಂಡದವಳಲ್ಲಿ ತಮಗೆ ಹೇಗೆ ಕಂಡವೆಂದು ಕಂಡಕ್ಟರಮ್ಮನಿಗೇ ಆಶ್ಚರ್ಯವಾಯಿತು. ಮಗಳು ಕೈ ಬೀಸಿ ತನ್ನವರನ್ನು ಮುಂದೆ ತಳ್ಳುತ್ತಿದ್ದಳು, ಹೆಸರು ಹಿಡಿದು ಗದರುತ್ತಿದ್ದಳು, ಅವಳ ಮಾತಿಗೆ ನಾಲ್ಕು ಜನ ಗಟ್ಟಿಮುಟ್ಟಾದ ಹುಡುಗಿಯರು ಮರುಮಾತಿಲ್ಲದೆ ಜಾಗ ಬದಲಿಸುತ್ತಿದ್ದರು.

"ಪುಟ್ಟೀ," ಎಂದರು ಕಂಡಕ್ಟರಮ್ಮ, ಇಡೀ ಬಸ್ಸಿಗೆ ಕೇಳಿಸುವ ಆ ದನಿಯಲ್ಲಿ. "ಬಂದಿದ್ದೀನಿ ಕಣೇ. ತಡವಾಯ್ತು."

ಚೆಂಡು ಮೈದಾನದ ನಡುವಿನಿಂದ ಇತ್ತಲೇ ಬರುತ್ತಿತ್ತು, ಮಗಳು ತಿರುಗುವಂತಿರಲಿಲ್ಲ. ತಿರುಗಲೂ ಇಲ್ಲ. ಕಣ್ಣನ್ನು ಚೆಂಡಿನ ಮೇಲೇ ಇಟ್ಟು ಎಡಗೈಯನ್ನು ಬೆನ್ನ ಹಿಂದಕ್ಕೆ ತಂದು, ದಪ್ಪ ಕೈಗವಸಿನ ಬೆರಳುಗಳನ್ನು ಎರಡು ಸಲ ಆಡಿಸಿದಳು. ಮರುಕ್ಷಣ ಪಕ್ಕಕ್ಕೆ ಹಾರಿ, ಬಂದ ಚೆಂಡನ್ನು ಎದೆಗೆ ಅವುಚಿಕೊಂಡು ಬಿದ್ದಳು. ಜನ ಕೂಗಿದರು. ಕಂಡಕ್ಟರಮ್ಮನಿಗೆ ಮೊದಲು ಕಂಡಿದ್ದು ಅವಳ ಮೊಣಕೈಯ ತರಚು ಗಾಯ.

ಆಟ ಒಂದು ಒಂದಕ್ಕೆ ಸಮವಾಗಿ ಮುಗಿಯಿತು. ಮಗಳು ಕೆಸರು ಮೆತ್ತಿದ ಬಟ್ಟೆಯಲ್ಲೇ ಕಂಬಿಯ ಹತ್ತಿರ ಬಂದಳು. ಬಾಯಿ ತೆರೆಯಲು ಯಾರಿಗೂ ಅವಕಾಶ ಕೊಡದೆ ರೇಡಿಯೋ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ, ತಪ್ಪಿದಲ್ಲೆಲ್ಲ ಟೀಚರಮ್ಮ ತಿದ್ದಿದಳು. ಎದುರು ತಂಡದವಳಿಗೆ ತಟ್ಟಿದ ಚಪ್ಪಾಳೆಯ ಮಾತು ಬಂದಾಗ ಮಗಳು ನಕ್ಕು ನಕ್ಕು ಹುಲ್ಲಿನ ಮೇಲೆ ಕೂತುಬಿಟ್ಟಳು.

ನಗು ನಿಂತ ಮೇಲೆ ಕೂತಲ್ಲಿಂದಲೇ ತಲೆಯೆತ್ತಿ ಕೇಳಿದಳು, "ಸ್ಟೇಡಿಯಂ ಮುಂದೇನೇ ಹೋದ್ಯಾ? ಇಳೀಲಿಲ್ವಾ?"

"ಇಳೀಲಿಲ್ಲ. ನೀನು ಸೀಟು ನೋಡ್ತಿರ್ತೀಯ ಅಂತ ಗೊತ್ತಿತ್ತು. ಆದ್ರೂ ಇಳೀಲಿಲ್ಲ."

"ನೋಡಿದ್ದೆ," ಎಂದಳು ಮಗಳು. "ಅಮ್ಮ ಮತ್ತೆ ಹಾಗೇ ಮಾಡಿದ್ಳು ಅಂದ್ಕೊಂಡೆ."

"ಹದಿನಾಲ್ಕು ವರ್ಷಕ್ಕೆ ಇಪ್ಪತ್ತು ನಿಮಿಷ ನೋಡಿದೀನಿ ಪುಟ್ಟಿ. ಅದು ಸಾಲದು ಅಂತ ನನಗೂ ಗೊತ್ತು."

ಮಗಳು ಕೈಗವಸುಗಳನ್ನು ಒಂದೊಂದಾಗಿ ಕಳಚಿದಳು.

"ಮುಂದಿನ ಭಾನುವಾರ ಇನ್ನೊಂದು ಮ್ಯಾಚಿದೆ," ಎಂದಳು. "ಇಲ್ಲಿ ಅಲ್ಲ, ಬೇರೆ ಊರಲ್ಲಿ. ಬರ್ತೀಯಾ ಅಮ್ಮ?"

ಏಳು ವರ್ಷದ ಮೇಲೆ ಮಗಳು ಬಾಯಿಬಿಟ್ಟು ಕರೆದಿದ್ದಳು. ಬರ್ತೀನಿ ಎಂದರು ಕಂಡಕ್ಟರಮ್ಮ. ಹೇಳಿದ್ದು ಕೇಳಿಸಿತೋ ಇಲ್ಲವೋ ಎಂಬ ಅನುಮಾನ ಬಂದು ಇನ್ನೊಂದು ಸಲ ಹೇಳಿದರು.