ಚೀಟಿ ಬರದವರು

ಜೂನ್ ಎರಡನೇ ವಾರ ಜುಬೇದಾಬೀ ಮೊಮ್ಮಗಳ ಕೈ ಹಿಡಿದುಕೊಂಡು ನಮ್ಮ ಶಾಲೆಗೆ ಬಂದಳು. ಗಂಗಾವತಿ ಕಡೆಯ ಸಿದ್ದಾಪುರದಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಸರ್ಕಾರಿ ಶಾಲೆ ನಮ್ಮದು, ಸುತ್ತಲೂ ಕಾಲುವೆ ನೀರಿನ ಗದ್ದೆ. ನಾನು ಅಲ್ಲಿ ಐದನೇ ತರಗತಿಗೆ ಕಲಿಸುತ್ತೇನೆ. ಜುಬೇದಾಬೀ ಚಪ್ಪಲಿ ಬಿಟ್ಟಳು, ಆದರೆ ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತೇ ಕೇಳಿದಳು.

"ಅಕ್ಕೋರ, ನಮ್ಮ ಖುಷ್ಬುಗ ಓದಾಕ ಬರ್ತೈತೇನ್ರಿ? ಖರೇ ಹೇಳ್ರಿ."

ಬರುತ್ತಿರಲಿಲ್ಲ. ಪಾಠವನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡುತ್ತಿದ್ದಳು. ಪಕ್ಕದವಳು ಪುಟ ತಿರುವಿದಾಗ ತಾನೂ ತಿರುವುತ್ತಿದ್ದಳು. ನಾಲ್ಕನೇ ತರಗತಿಯನ್ನು ಹಾಗೆಯೇ ದಾಟಿ ಬಂದಿದ್ದಳು.

"ಇನ್ನೂ ಇಲ್ರಿ" ಎಂದೆ.

"ಬಸ್ಸಿನ ಬೋರ್ಡು ಓದಿದ್ರ ಸಾಕ್ರಿ ನನಗ. ಹ್ವಾದ ವಾರ ಗಂಗಾವತಿಗಿ ಹೋಗೂದು ಬಿಟ್ಟು ಕಾರಟಗ್ಯಾಗ ಇಳದೀನಿ. ಕಂಡಕ್ಟರ್ ನಗತಾನ, ಬಸ್ ಪುಕ್ಕಟ ಐತಂತ ಊರ ನೋಡಾಕ ಹೊಂಟೀಯೇನಬೇ ಅಂತ."

ನಾನು ನಕ್ಕೆ. ಅವಳು ನಗಲಿಲ್ಲ. ಖುಷ್ಬುವಿನ ತಂದೆತಾಯಿ ಗಿಣಿಗೇರಾದ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿದ್ದರು. ಹುಡುಗಿ ಅಜ್ಜಿಯ ಹತ್ತಿರ ಇದ್ದಳು. ಈಗ ಕುಷ್ಟಗಿಯಿಂದ ಅತ್ತೆ ರಾಜಾಬೀ ಕರೆ ಕಳಿಸಿದ್ದಳು. ಅಲ್ಲಿಯ ಬೀಜದ ಪ್ಲಾಟುಗಳಲ್ಲಿ ಹತ್ತಿ ಹೂವಿಗೆ ಹೂ ಮುಟ್ಟಿಸಿ ಪರಾಗ ಸೇರಿಸುವ ಕೆಲಸಕ್ಕೆ ಸಣ್ಣ ಬೆರಳಿನ ಹುಡುಗಿಯರನ್ನೇ ಕೇಳುತ್ತಾರೆ.

"ದಸರಾ ಸೂಟಿತನ ನೋಡ್ತೀನ್ರಿ" ಎಂದಳು ಜುಬೇದಾಬೀ. "ಓದಾಕ ಬಂತು, ಸಾಲ್ಯಾಗ ಇರ್ಲಿ. ಬರಲಿಲ್ಲ, ಅತ್ತಿ ಕಡಿ ಕಳಸ್ತೀನಿ. ಸುಮ್ನ ಕುಂತು ಏನ್ ಮಾಡ್ತಾಳ?"

"ದಸರಾದೊಳಗ ಓದಸ್ತೀನಿ. ನನಗ ಬಿಡ್ರಿ" ಎಂದೆ. ಯಾವ ಮಾತಿಗೂ ಹಿಂದೆ ಮುಂದೆ ನೋಡುವವಳು ನಾನು. ಅಂದು ನೋಡಲಿಲ್ಲ.

ಆ ವರ್ಷ ನಾನೂ ವಿದ್ಯಾರ್ಥಿನಿಯಾಗಿದ್ದೆ. ಹಿಂದಿನ ವರ್ಷ, ನಲವತ್ತೆರಡನೇ ವಯಸ್ಸಿನಲ್ಲಿ, ಶಾಲಾ ಆಡಳಿತದ ಸ್ನಾತಕೋತ್ತರ ಪದವಿಗೆ ಸೇರಿ, ವಾರದ ಕೊನೆಗೆ ಕೊಪ್ಪಳಕ್ಕೆ ಹೋಗಿ ಬರುತ್ತಿದ್ದೆ. ನಮ್ಮ ಮುಖ್ಯ ಗುರುಗಳಾದ ಮಾರೆಪ್ಪ ಸರ್ ಮಾರ್ಚಿಗೆ ನಿವೃತ್ತರಾಗುವವರು. ಆ ಕುರ್ಚಿಯಲ್ಲಿ ಕೂರುವ ಆಸೆ ನನಗಿತ್ತು. ಕೂತರೆ ತಪ್ಪು ಮಾಡುತ್ತೇನೆಂಬ ಭಯವೂ ಇತ್ತು. ಸಿಬ್ಬಂದಿ ಸಭೆ ನಡೆಸುವುದು, ದಾಖಲೆ ಇಡುವುದು, ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರುವುದು, ಎಲ್ಲವನ್ನೂ ಅಲ್ಲಿ ಕಲಿಸಿದರು. ಕೊನೆಗೆ ಉಳಿದದ್ದು ತರಗತಿ ಸಂಶೋಧನೆ.

ನನ್ನ ವಿಧಾನ ಸರಳವಾಗಿತ್ತು. ಮಗು ತನ್ನ ಮನೆಯ ಒಂದು ಮಾತು ಹೇಳಬೇಕು, ನಾನು ಅದನ್ನು ರಟ್ಟಿನ ಮೇಲೆ ಬರೆಯಬೇಕು, ಮಗು ತನ್ನದೇ ಮಾತನ್ನು ಓದಬೇಕು. ನಾಲ್ಕು ಮತ್ತು ಐದನೇ ತರಗತಿ ಸೇರಿ ಓದಲು ಬಾರದವರು ಇಪ್ಪತ್ನಾಲ್ಕು ಮಕ್ಕಳಿದ್ದರು. ಎಲ್ಲರಿಗೂ ಕಲಿಸುತ್ತೇನೆ ಎಂದು ಬರೆದುಕೊಂಡು ಹೋದೆ. ಮಾರ್ಗದರ್ಶಕರಾದ ಪ್ರಭುರಾಜ ಸರ್ ಹಾಳೆಯನ್ನು ಹಿಂದಕ್ಕೆ ತಳ್ಳಿದರು.

"ಎಲ್ಲಾರಿಗೂ ಕಲಿಸಿದ್ರ, ನಿಮ್ಮ ವಿಧಾನದಿಂದನ ಕಲಿತ್ರು ಅಂತ ಹೆಂಗ ಹೇಳ್ತೀರಿ ಮೇಡಂ? ಅರ್ಧ ಮಂದಿಗಿ ಕಲಸ್ರಿ, ಅರ್ಧ ಮಂದಿಗಿ ಬ್ಯಾಡ. ಹನ್ನೆರಡು ವಾರ ಆದಮ್ಯಾಗ ಅವರಿಗೂ ಕಲಸ್ರಿ, ಯಾರ ಬ್ಯಾಡಂತಾರ?"

"ಯಾರಿಗಿ ಬ್ಯಾಡ ಸರ್?"

"ಅದನ್ನ ನೀವು ಆರಸಬಾರದು. ನಿಮ್ಮ ಮುದ್ದಿನವರನ್ನ ಒಂದ ಕಡೆ ಹಾಕ್ತೀರಿ. ಚೀಟಿ ಎತ್ರಿ."

ಬಸ್ಸು ಗಿಣಿಗೇರಾದ ಹೊಗೆ ದಾಟುವವರೆಗೂ ಒಂದೇ ಯೋಚನೆ. ಖುಷ್ಬುವಿನ ಹೆಸರನ್ನು ಚೀಟಿಗೆ ಹಾಕದೆ ಕಲಿಯುವವರ ಗುಂಪಿಗೆ ಸೇರಿಸಿದರೆ ಯಾರಿಗೆ ಗೊತ್ತಾಗುತ್ತದೆ? ಯಾರಿಗೂ ಇಲ್ಲ. ಆದರೂ ಯಾರೋ ಕೇಳಿಯಾರು, ಪದವಿ ತಪ್ಪೀತು ಎನಿಸಿ ಕೈ ಬರಲಿಲ್ಲ.

ಜುಲೈನ ಒಂದು ಗುರುವಾರ ಸುಣ್ಣದಕಡ್ಡಿಯ ಡಬ್ಬಿಯಲ್ಲಿ ಇಪ್ಪತ್ನಾಲ್ಕು ಚೀಟಿ ಹಾಕಿ, ಮಕ್ಕಳೆದುರಿಗೇ ಹನ್ನೆರಡು ಎತ್ತಿದೆ. ಮುಚ್ಚಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಎಲ್ಲರಿಗೂ ಕಾಣುವಂತೆ ಮಾಡುವುದೇ ನ್ಯಾಯ ಎಂದುಕೊಂಡಿದ್ದೆ. ಒಂದೊಂದು ಹೆಸರಿಗೂ ಚಪ್ಪಾಳೆ ಬಿತ್ತು. ಹೆಸರು ಬಂದವರು ಎದ್ದು ನಿಂತು ಸುತ್ತ ನೋಡಿದರು. ನಾನು ಗುಂಪುಗಳಿಗೆ ಅ, ಬ ಎಂದು ಹೆಸರಿಟ್ಟೆ. ಮಕ್ಕಳು ಮಧ್ಯಾಹ್ನದ ಊಟದ ಹೊತ್ತಿಗೆ ಬೇರೆಯದೇ ಇಟ್ಟುಕೊಂಡಿದ್ದರು: ಚೀಟಿ ಬಂದವರು, ಚೀಟಿ ಬರದವರು.

ಸಂಜೆ ಖುಷ್ಬು ಮೇಜಿನ ಹತ್ತಿರ ಬಂದಳು.

"ಟೀಚರ್, ನನ್ನ ಚೀಟಿ ಡಬ್ಬ್ಯಾಗ ಇತ್ತಿಲ್ರಿ?"

"ಇತ್ತವ್ವ."

"ಮತ್ಯಾಕ ಬರ್ಲಿಲ್ರಿ?"

ಹನ್ನೊಂದು ವರ್ಷದ ಹುಡುಗಿಗೆ ತಿಳಿಯುವ ಮಾತು ಹುಡುಕಿದೆ. "ಅದು ಯಾರ ಕೈಯಾಗೂ ಇಲ್ಲವ್ವ" ಎಂದೆ. ಅವಳು ತಲೆ ಆಡಿಸಿ ಹೋದಳು. ಒಪ್ಪಿಕೊಂಡಳು ಎಂದು ಸಮಾಧಾನಪಟ್ಟೆ.

ದಿನಾ ಮೂರೂವರೆಗೆ ಚೀಟಿ ಬಂದವರಿಗೆ ನನ್ನ ತರಗತಿ. ಎರಡನೇ ವಾರದಿಂದ ಖುಷ್ಬು ಬಾಗಿಲ ಹೊರಗೆ ಗೋಡೆಗೆ ಬೆನ್ನು ಹಚ್ಚಿ ಕೂರತೊಡಗಿದಳು. ಒಳಗಿನ ಮಗು ಓದಿದ್ದನ್ನು ಅವಳ ತುಟಿಗಳು ಹೇಳುತ್ತಿದ್ದವು. ಇದನ್ನು ಪ್ರಭುರಾಜ ಸರ್‌ಗೆ ಹೇಳಿದೆ. ಹೇಳದಿದ್ದರೆ ನಡೆಯುತ್ತಿತ್ತು. "ಆಕಿ ಕೇಳಿ ಕಲಿತ್ರ ಫಲಿತಾಂಶ ಕೆಡ್ತದ್ರಿ, ಬಾಗಲಾ ಹಾಕ್ಕೊಳ್ರಿ" ಎಂದರು. ಹಾಕಿಕೊಂಡೆ. ಮಾರೆಪ್ಪ ಸರ್ ಉಳಿದವರನ್ನು ಬಯಲಿಗೆ ಕರೆದೊಯ್ದು ಆಡಿಸಿದರು. "ಮೇಡಂ, ನಿಮ್ಮ ಪದವಿ ಸಲುವಾಗಿ ಅರವತ್ತನೇ ವರ್ಷಕ್ಕ ಖೋ ಖೋ ಮಾಸ್ತರ ಆದ್ನಿ ನೋಡ್ರಿ" ಎಂದು ಬೆವರು ಒರೆಸಿಕೊಂಡು ನಗುತ್ತಿದ್ದರು.

ಐದನೇ ವಾರದ ಕೊನೆಗೆ, ಒಂದು ಶುಕ್ರವಾರ, ಖುಷ್ಬು ಬರಲಿಲ್ಲ.

"ಕುಷ್ಟಗಿಗಿ ಹೋಗ್ಯಾಳ್ರಿ" ಎಂದಳು ಅವಳ ಓಣಿಯ ಇರ್ಫಾನಾ. "ಅರಿವಿ ಗಂಟು ಕಟಗೊಂಡು ಹ್ವಾದ್ಳು."

ಶಾಲೆ ಬಿಟ್ಟ ಕೂಡಲೇ ಜುಬೇದಾಬೀಯ ಮನೆಗೆ ಹೋದೆ. ಅಕ್ಕಿ ಹಸನು ಮಾಡುತ್ತಿದ್ದವಳು ಮೊರ ಬದಿಗಿಟ್ಟು, ಚಾಪೆ ಹಾಸಿದಳು.

"ದಸರಾತನ ಅಂದಿದ್ರಿ" ಎಂದೆ. ನಿಂತೇ ಇದ್ದೆ.

"ಅಂದಿದ್ದೆ. ಚೀಟಿ ಬರಲಿಲ್ಲಂತಲ್ರಿ ಆಕೀದು."

"ಅದು ಹಂಗಲ್ರಿ ಜುಬೇದಾಬೀ. ಅದು ನನ್ನ ಅಭ್ಯಾಸದ ಸಲುವಾಗಿ ಎತ್ತಿದ್ದು. ಹನ್ನೆರಡು ವಾರ ಆದಮ್ಯಾಗ ಆಕಿಗೂ ಕಲಸ್ತಿದ್ದೆ."

"ಚೀಟಿ ಅಂದ್ರ ಚೀಟೀನ. ಹತ್ತು ವರ್ಷದ ಹಿಂದ ಮನಿ ಜಾಗಾಕ್ಕ ಊರ ಮುಂದ ಚೀಟಿ ಎತ್ತಿದ್ರು. ನನ್ನ ಹೆಸರು ಬರಲಿಲ್ಲ. ಮಂದಿ ಜಗಳಾಡಿದ್ರು, ನಾ ಆಡಲಿಲ್ಲ. ಬರಲಿಲ್ಲಂದ್ರ ನಂದಲ್ಲ, ಅಷ್ಟ. ಅಕ್ಷರ ಆಕೀದಲ್ಲ ಬಿಡ್ರಿ. ನೀವ ಹೇಳೀರಂತ, ಯಾರ ಕೈಯಾಗೂ ಇಲ್ಲಂತ."

"ಆಕೀನ ಕರಸ್ರಿ. ಸೋಮವಾರದಿಂದ ಮೊದಲನೇ ಗುಂಪಿನಾಗ ನಾನ ಕುಂದ್ರಸ್ತೀನಿ."

ಜುಬೇದಾಬೀ ನನ್ನನ್ನು ದಿಟ್ಟಿಸಿದಳು. ಅಲ್ಲಿಯವರೆಗೆ ಅವಳ ಮುಖದಲ್ಲಿ ಬೇಸರವಿರಲಿಲ್ಲ.

"ಅಂದ್ರ ನಿಮ್ಮ ಕೈಯಾಗ ಇತ್ತು" ಎಂದಳು. "ಮತ್ತ ಇಷ್ಟು ದಿನ ಯಾಕ ಬಾಗಲಾ ಹಾಕ್ಕೊಂಡ್ರಿ ಅಕ್ಕೋರ?"

ಅವಳು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

ಮರುದಿನ ಶನಿವಾರ. ಗಂಗಾವತಿ ನಿಲ್ದಾಣದಲ್ಲಿ ಕುಷ್ಟಗಿ ಬಸ್ಸು ನಿಂತಿತ್ತು. ಅಂದು ಕೊಪ್ಪಳದಲ್ಲಿ ನನ್ನ ಪ್ರಗತಿ ವರದಿಯ ಮಂಡನೆ ಇತ್ತು. ನಾನು ಕೊಪ್ಪಳದ ಬಸ್ಸು ಹತ್ತಿದೆ. "ಒಬ್ಬಾಕಿ ಕಡಿಮಿ ಆದ್ರ ತೊಂದ್ರಿ ಇಲ್ಲ, ವಲಸೆ ಅಂತ ಬರೀರಿ" ಎಂದರು ಪ್ರಭುರಾಜ ಸರ್.

ಕುಷ್ಟಗಿಗೆ ಹೋದದ್ದು ಅದರ ಮುಂದಿನ ವಾರ. ಗದ್ದೆಯ ಹಸಿರು ಮುಗಿದು ಬೇಸಾಯಕ್ಕೆ ಮಳೆಯನ್ನೇ ನಂಬಿದ ನೆಲ ಶುರುವಾಯಿತು. ಪ್ಲಾಟಿನಲ್ಲಿ ಹದಿನೈದಿಪ್ಪತ್ತು ಹುಡುಗಿಯರು ಎದೆಯೆತ್ತರದ ಹತ್ತಿಯಲ್ಲಿ ಸಾಲು ಹಿಡಿದು ನಡೆಯುತ್ತಿದ್ದರು. ಖುಷ್ಬು ಒಂದು ಹೂವನ್ನು ಇನ್ನೊಂದಕ್ಕೆ ಮೆಲ್ಲಗೆ ಉಜ್ಜಿ, ತೊಟ್ಟಿಗೆ ಗುರುತಿನ ಕೆಂಪು ನೂಲು ಸುತ್ತಿ, ಮುಂದಿನ ಗಿಡಕ್ಕೆ ಸರಿಯುತ್ತಿದ್ದಳು. ಕೈ ಆಗಲೇ ಪಳಗಿತ್ತು.

"ಟೀಚರ್! ಇಲ್ಲಿತನ ಬಂದೀರಿ?"

"ಬಾರವ್ವ, ಹೋಗೂಣು. ನಿನಗೊಬ್ಬಾಕಿಗೇ ಕಲಸ್ತೀನಿ."

ಅವಳು ಅತ್ತೆಯ ಕಡೆ ನೋಡಿದಳು. "ಈ ಹಂಗಾಮ ಮುಗೀಲ್ರಿ, ನೋಡೂಣು" ಎಂದಳು ರಾಜಾಬೀ, ಕೆಲಸ ನಿಲ್ಲಿಸದೆ.

"ಇಲ್ಲಿ ಚೀಟಿ ಎತ್ತಂಗಿಲ್ರಿ ಟೀಚರ್" ಎಂದು ಖುಷ್ಬು ಊರಿನ ಸುದ್ದಿ ಹೇಳುವಂತೆ ಹೇಳಿದಳು. "ಎಲ್ಲಾರಿಗೂ ಒಂದೊಂದು ಸಾಲು ಕೊಡ್ತಾರ."

ಹಿಂದಿರುಗಿದ ದಿನವೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ, ಲಿಖಿತ ದೂರನ್ನೂ ಕೊಟ್ಟೆ. ನನಗೆ ಕಲಿಸಿದ್ದ ಕ್ರಮ ಅದೇ. ಅಧಿಕಾರಿಗಳು ಹೋಗುವಷ್ಟರಲ್ಲಿ ಪ್ಲಾಟಿನಲ್ಲಿ ದೊಡ್ಡ ಹೆಂಗಸರು ಮಾತ್ರ ಇದ್ದರು. ರಾಜಾಬೀಯ ಫೋನ್ ಹತ್ತಲಿಲ್ಲ. ಖುಷ್ಬುವನ್ನು ಯಾವ ಊರಿಗೆ ಒಯ್ದಳೆಂದು ಜುಬೇದಾಬೀ ನನಗೆ ಹೇಳಲಿಲ್ಲ. ಎದುರಾದರೆ ಸೆರಗು ಸರಿಪಡಿಸಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದಳು.

ದಸರಾ ರಜೆ ಮುಗಿದ ಮೇಲೆ ಎರಡನೇ ಗುಂಪಿಗೂ ಕಲಿಸಿದೆ. ಬಾಗಿಲು ತೆರೆದೇ ಇರುತ್ತಿತ್ತು.

ಜನವರಿಯಲ್ಲಿ ಕೊಪ್ಪಳದಲ್ಲಿ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪ್ರಬಂಧವನ್ನು ಓದಿಕೊಂಡೇ ಬಂದಿದ್ದರು. ಪುಟ ತಿರುವುತ್ತ ಕೇಳಿದರು.

"ಬ ಗುಂಪಿನಲ್ಲಿ ಹನ್ನೊಂದು ಮಕ್ಕಳಿದ್ದಾರೆ. ಒಬ್ಬರು ಏನಾದರು?"

"ಶಾಲೆ ಬಿಟ್ಟಳು ಸರ್."

"ನಿಮ್ಮ ಅಧ್ಯಯನಕ್ಕೂ ಅದಕ್ಕೂ ಏನಾದರೂ ಸಂಬಂಧ?"

ಪ್ರಭುರಾಜ ಸರ್ ನನ್ನ ಕಡೆ ನೋಡಿದರು. ಎರಡು ವರ್ಷದ ಓಡಾಟ, ಮಾರ್ಚಿಗೆ ಖಾಲಿಯಾಗುವ ಕುರ್ಚಿ, ಎಲ್ಲ ಆ ಮೇಜಿನ ಮೇಲಿತ್ತು.

"ಇಲ್ಲ ಸರ್" ಎಂದೆ.

ಅವರು ಗುರುತು ಹಾಕಿಕೊಂಡರು. "ಆಮೇಲೆ ಈ ಹನ್ನೊಂದು ಮಕ್ಕಳಿಗೂ ಕಲಿಸಿದ್ದೀರಿ. ಮೆಚ್ಚುವಂಥದ್ದು. ಅವರಲ್ಲಿ ಎಲ್ಲರಿಗಿಂತ ನಿಧಾನವಾದ ಮಗು ಒಂದು ಪುಟ ತಾನೇ ಓದಲು ಎಷ್ಟು ದಿನ ಹಿಡಿಯಿತು?"

"ಏಳು ವಾರ" ಎಂದೆ. ಜುಲೈನಲ್ಲಿ ಶುರು ಮಾಡಿದ್ದರೆ ದಸರಾಕ್ಕೆ ಬಹಳ ಮೊದಲೇ ಮುಗಿಯುತ್ತಿತ್ತು.

"ಅಷ್ಟೇನಾ?" ಎಂದು ಕನ್ನಡಕದ ಮೇಲಿಂದ ನೋಡಿ, ಸಂತೋಷದಿಂದ ಅದನ್ನು ಬರೆದುಕೊಂಡರು. ಹೊರಗೆ ಮುಂದಿನವರ ಹೆಸರು ಕೂಗಿದರು.