ಅತ್ತೆಯ ಆಮೆನ್

ನಮ್ಮ ಮನೆಯಲ್ಲಿ ಪ್ರಾರ್ಥನೆ ಮುಗಿಯದೆ ಯಾರೂ ತಟ್ಟೆ ಮುಟ್ಟುವಂತಿಲ್ಲ. ಪ್ರಾರ್ಥನೆ ಮಾಡುವವರು ನನ್ನ ಗಂಡ. ಅವರು ಕಣ್ಣು ಮುಚ್ಚಿದರೆಂದರೆ ನೆಂಟರಿಷ್ಟರು, ಸಭೆಯವರು, ದಾರಿಹೋಕರು ಎಲ್ಲರೂ ಅದರೊಳಗೆ ಬಂದುಹೋಗಬೇಕು. ಅತ್ತೆಗೆ ಹಸಿವು ತಡೆಯುವುದಿಲ್ಲ. ಮಗ ಉಸಿರು ತೆಗೆದುಕೊಳ್ಳುವುದನ್ನೇ ಕಾದಿದ್ದು "ಆಮೆನ್!" ಅಂದುಬಿಡುತ್ತಾರೆ. ಅಲ್ಲಿಗೆ ಮುಗಿಯಿತು. "ದೇವರಿಗೆ ಕಿವಿ ಚೆನ್ನಾಗಿದೆ ಕಣೋ, ಒಂದ್ಸಲ ಹೇಳಿದ್ರೆ ಸಾಕು" ಅನ್ನುವುದು ಅವರ ವಾದ.

ನಾನೂ ನನ್ನ ಗಂಡನೂ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದೇವೆ. ಅವರು ಸೂಪರ್‌ವೈಸರ್. ನಾನು ಇಸ್ತ್ರಿ ರೋಲರಿನ ಆಚೆ ನಿಂತು, ಬಿಸಿಬಿಸಿಯಾಗಿ ಹೊರಬರುವ ಹೊದಿಕೆಗಳನ್ನು ಮಡಚುವವಳು. ಈಚೆ, ಒದ್ದೆ ಬಟ್ಟೆ ಒಳಗೆ ಬಿಡುವ ಕಡೆ, ಅಡ್ಡಕ್ಕೆ ಒಂದು ತಡೆಪಟ್ಟಿ ಇದೆ. ಕೈ ತಗಲಿದರೆ ರೋಲರ್ ನಿಲ್ಲುತ್ತದೆ. ಬಟ್ಟೆ ಉಬ್ಬಿ ತಗಲಿದರೂ ನಿಲ್ಲುತ್ತದೆ, ಅದೇ ರಗಳೆ. ಕೆಲಸ ಗುಡ್ಡೆ ಬಿದ್ದಿದ್ದ ಆ ಸೋಮವಾರ ನನ್ನ ಗಂಡ ತಂತಿ ತಂದು ತಡೆಪಟ್ಟಿಯನ್ನು ಮೇಲಕ್ಕೆತ್ತಿ ಕಟ್ಟಿದರು. ನಾನು ನೋಡಿದೆ. ಮಧ್ಯಾಹ್ನ, ಬಟ್ಟೆ ಬಿಡುತ್ತಿದ್ದ ಹೊಸ ಹುಡುಗಿಯ ಬಲಗೈ ಬಟ್ಟೆಯ ಜೊತೆ ಒಳಗೆ ಹೋಯಿತು. ಆ ಗದ್ದಲದಲ್ಲಿ ತಂತಿ ಮಾಯವಾಯಿತು.

ಅವಳೇ ತಡೆಪಟ್ಟಿ ಎತ್ತಿ ಕೈ ಹಾಕಿದಳು ಎಂದು ಮಾತು ಹುಟ್ಟಿತು. ಹಾಗಾದರೆ ತಪ್ಪು ಅವಳದು, ಚಿಕಿತ್ಸೆಯ ಖರ್ಚು ಅವಳ ಪಾಡು, ಕೆಲಸಕ್ಕೂ ಕತ್ತರಿ. ನನ್ನ ಗಂಡ ಅದನ್ನು ಅಲ್ಲಗಳೆಯಲಿಲ್ಲ. ಮನೆಯಲ್ಲಿ ನನಗೆ, "ನೀನು ಬಟ್ಟೆ ಮಡಚ್ತಿದ್ದೆ, ಏನೂ ನೋಡಿಲ್ಲ ಅಂತ ಹೇಳು, ಅಷ್ಟೇ" ಅಂದರು. ಭಾನುವಾರ ಸಭೆಯ ಮಕ್ಕಳನ್ನು ಸಾಲಾಗಿ ಕೂರಿಸಿ, ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆಯನ್ನು ಬಾಯಿಪಾಠ ಮಾಡಿಸುವವರು ಇವರೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಅಳುವೂ ಇಲ್ಲ. ಒಳಗೆಲ್ಲ ಮರಗಟ್ಟಿ ಹೋಗಿತ್ತು. ಪಾತ್ರೆ ತೊಳೆದು ಮಲಗಿದೆ.

ಹುಡುಗಿಯನ್ನು ನೋಡಲು ಆಸ್ಪತ್ರೆಗೆ ಹೋದೆ. ಕೈಗೆ ಮೊಣಕೈವರೆಗೂ ಬ್ಯಾಂಡೇಜ್ ಸುತ್ತಿದ್ದರು.

"ನಾನು ಅದನ್ನ ಎತ್ತಿಲ್ಲ ಅಕ್ಕ," ಅಂದಳು. "ಬೆರಳು ಇದಾವೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ."

ಅವಳು ಹೊದ್ದುಕೊಂಡಿದ್ದ ಹೊದಿಕೆ ನಮ್ಮಲ್ಲಿಂದಲೇ ಹೋದದ್ದು. ನಾನೇ ಮಡಚಿದ್ದಿರಬೇಕು. ದೇವರೇ ಏನು ಮಾಡಲಿ ಎಂದು ನಾನು ಕೇಳಲಿಲ್ಲ. ಗೊತ್ತಿದ್ದದ್ದನ್ನೇ ಕೇಳಿ ಅವನ ತಲೆ ಯಾಕೆ ತಿನ್ನಬೇಕು?

ಮಾರನೆಯ ದಿನ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿದರು. "ಏನಮ್ಮಾ, ನೀವು ಏನಾದ್ರೂ ನೋಡಿದ್ರಾ?"

"ನೋಡಿದೆ ಸಾರ್. ತಡೆಪಟ್ಟಿ ಮೇಲಕ್ಕೆತ್ತಿ ಕಟ್ಟಿದ್ದು ಇವರು," ಅಂದೆ. ತರಕಾರಿ ಬೆಲೆ ಹೇಳಿದಷ್ಟೇ ಸಲೀಸಾಗಿ ಬಾಯಿಂದ ಬಂತು.

ನನ್ನ ಗಂಡ ನನ್ನ ಕಡೆ ತಿರುಗಲಿಲ್ಲ. "ಅವತ್ತಿಂದ ಇವಳಿಗೆ ನಿದ್ದೆ ಇಲ್ಲ ಸಾರ್. ಏನೇನೋ ಮಾತಾಡ್ತಾಳೆ."

ಮ್ಯಾನೇಜರ್ ನಕ್ಕರು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಹೋಗಿ ಉಂಡು ಮಲಗಿ. ಯಾರ ಮಾತು ನಿಜ ಅಂತ ನಾಳೆ ಬೆಳಿಗ್ಗೆ ಹೇಳಿ, ಮುಗಿಸೋಣ."

ಮನೆಗೆ ಬಂದೆವು. ನನ್ನ ಗಂಡ ಬಟ್ಟೆ ಬದಲಾಯಿಸಲು ಹೋದಾಗ ಅತ್ತೆಗೆ ಎಲ್ಲವನ್ನೂ ಹೇಳಿದೆ. ಹೆತ್ತ ಕರುಳು, ನನ್ನ ಮೇಲೆ ಹರಿಹಾಯುತ್ತಾರೆ ಅಂದುಕೊಂಡಿದ್ದೆ. ಅವರು ಈರುಳ್ಳಿ ಹೆಚ್ಚುತ್ತಲೇ ಇದ್ದರು. "ಆ ಮಗುಗೆ ತಾಯಿ ಇದಾಳಾ?" ಅಂತ ಮಾತ್ರ ಕೇಳಿದರು. "ಇದಾರೆ" ಅಂದೆ.

ಊಟಕ್ಕೆ ಕೂತೆವು. ನನ್ನ ಗಂಡ ಕಣ್ಣು ಮುಚ್ಚಿ ಎಂದಿನಂತೆ ಶುರು ಮಾಡಿದರು. ನೆಂಟರು ಬಂದರು, ಸಭೆಯವರು ಬಂದರು, ಕಾಯಿಲೆಯವರು ಬಂದರು. "ಕರ್ತನೇ, ನಮ್ಮ ಕೈ..." ಅನ್ನುವಲ್ಲಿ ನಿಂತರು. ನಮ್ಮ ಕೈಕೆಲಸವನ್ನು ಆಶೀರ್ವದಿಸು ಅನ್ನುವುದು ದಿನಾ ಹೇಳುವ ಮಾತು. ಅವತ್ತು ಅದು ಮುಂದೆ ಹೋಗಲಿಲ್ಲ.

ಇನ್ನೇನು ಅತ್ತೆ ಆಮೆನ್ ಅನ್ನುತ್ತಾರೆ, ಎಲ್ಲರೂ ಪಾರಾಗುತ್ತೇವೆ ಎಂದು ನಾನೂ ಕಾದೆ. ಸುಳ್ಳು ಯಾಕೆ, ಅವರು ಅಂದುಬಿಟ್ಟರೆ ಸಾಕು ಅನ್ನಿಸಿತ್ತು. ಅತ್ತೆ ಅನ್ನಲಿಲ್ಲ. ಕೈ ಜೋಡಿಸಿಕೊಂಡು ಮಗನ ಮುಖವನ್ನೇ ನೋಡುತ್ತಾ ಕೂತಿದ್ದರು. ಊಟದ ಹಬೆ ನಿಂತಿತು. ನನ್ನ ಗಂಡ ಒಂದು ಕಣ್ಣು ತೆರೆದು ತಾಯಿಯನ್ನು ನೋಡಿ, ಮತ್ತೆ ಮುಚ್ಚಿಕೊಂಡರು.

"ಕಟ್ಟಿದ್ದು ನಾನೇ," ಅಂದರು. ದೇವರಿಗೆ ಹೇಳಿದರೋ ನಮಗೋ ತಿಳಿಯಲಿಲ್ಲ.

ಆಗಲೂ ಅತ್ತೆ ಆಮೆನ್ ಅನ್ನಲಿಲ್ಲ. "ಇದನ್ನ ನಾಳೆ ಹೋಗಿ ಅವರ ಮುಂದೆ ಹೇಳು," ಅಂದರು.

"ಕೆಲಸ ಹೋಗುತ್ತಮ್ಮ."

"ಅವಳ ಕೈಯೇ ಹೋಗಿದೆಯಲ್ಲೋ. ಹೇಳಿ ಬಾ. ಆಮೇಲೆ ಅಂತೀನಿ ಆಮೆನ್."

ಜೋಡಿಸಿದ್ದ ಕೈ ಬಿಡಿಸಿ, ಮೊದಲು ಮಗನ ತಟ್ಟೆಗೇ ಬಡಿಸಿದರು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ನಾವು ಆಮೆನ್ ಇಲ್ಲದೆ ಉಂಡೆವು.